ಚೆಲ್ಲಮ್ಮಾಳ ದನಿಗೆ ಹಚ್ಚಿದ ಮೆರುಗು

ದಿಂಡುಕ್ಕಲ್,
28 ಆಗಸ್ಟ್ 1967, ಸೋಮವಾರ

ಪ್ರೀತಿಯ ತಂಗಿ ಚೆಲ್ಲಮ್ಮಾಳಿಗೆ,

ನಿನ್ನಣ್ಣ ಮುತ್ತಯ್ಯನ ಆಶೀರ್ವಾದ. ನೀನು, ಭಾವ ರಾಮಸಾಮಿ, ಮಗು ಕರುಪ್ಪಾಯಿ, ಎಲ್ಲರೂ ತೇವಾರಂನಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾಲ್ಕು ತಿಂಗಳಿಂದ ಒಂದು ಕಾರ್ಡೂ ಹಾಕಲಿಲ್ಲ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು, ಆದರೆ ಇರಲಿಲ್ಲ. ಮೂರು ಸಲ ಬರೆದು ಮೂರು ಸಲವೂ ಹರಿದೆ. ಎಂದಿನಂತೆ ನಮ್ಮ ಮನೆಮಾತು ಕನ್ನಡವನ್ನು ತಮಿಳು ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಎಲ್ಲಾದರೂ ಎಡವಿದರೆ ಗಟ್ಟಿಯಾಗಿ ಓದು, ತಿಳಿಯುತ್ತದೆ.

ಇಲ್ಲಿ ಮಳೆಯಿಲ್ಲ. ರೆಕಾರ್ಡಿಂಗ್ ಕೋಣೆಯ ಗೋಡೆಗೆ ಕಟ್ಟಿದ ಹತ್ತಿಮೂಟೆಗಳಲ್ಲಿ ಇಲಿ ಸೇರಿಕೊಂಡಿದೆ. ನಮ್ಮ ಮಾವನ ಮಗ ಕಾಳಿಮುತ್ತು ತನ್ನ ಕರೆಂಟು ಆರ್ಮೋನಿಯಂಗೆ ಹೊಸ ಕಾಲು ಮಾಡಿಸಿದ್ದಾನೆ. ಗಾಳಿ ಇಲ್ಲ, ತಂತಿ ಇಲ್ಲ, ಬರೀ ರೇಡಿಯೋ ವಾಲ್ವಿನಿಂದ ಸ್ವರ ಹುಟ್ಟುವ ಆ ಪೆಟ್ಟಿಗೆಯನ್ನು ಅವನು ತೂತ್ತುಕುಡಿಯಿಂದ ಬಸ್ಸಿನ ಮೇಲೆ ಹೊತ್ತು ತಂದ ದಿನ ನೆನಪಿದೆಯಾ? ಅದರ ಮುಂದೆ ನಿಂತು ನೀನು ಅಮ್ಮನ ನಾಟಿ ಹಾಡು ಹಾಡಿದೆ. ನಮ್ಮೂರು ಕೊಂಬೈ ಗದ್ದೆಯ ಹಾಡೂ ಆ ಪೆಟ್ಟಿಗೆಯ ಸ್ವರವೂ ಒಂದಕ್ಕೊಂದು ಹೊಂದಿಕೊಂಡುಬಿಟ್ಟವು. ಅಲ್ಲಿಂದಲೇ ನಮ್ಮ ಟೇಪುಗಳು ಶುರುವಾದದ್ದು, ನಮ್ಮೂರ ಕಣಿವೆಯ ಟೆಂಟ್ ಕೊಟ್ಟಾಯಿಗಳಲ್ಲೆಲ್ಲ ಸಿನಿಮಾ ಶುರುವಾಗುವ ಮುಂಚೆ ನಿನ್ನ ದನಿ ಕೇಳತೊಡಗಿದ್ದು.

ನಾನು ಮಾಡಿದ ಮೆರುಗು ಪೆಟ್ಟಿಗೆಯ ಗುಟ್ಟನ್ನು ನೀನು ಎಷ್ಟೋ ಸಲ ಕೇಳಿದ್ದೆ. ನಾನು ‘ನಿನಗೆ ಅರ್ಥವಾಗೋದಿಲ್ಲ’ ಎನ್ನುತ್ತಿದ್ದೆ. ಈಗ ಹೇಳುತ್ತೇನೆ, ಏಕೆಂದರೆ ನಿನಗೆ ಅನ್ಯಾಯವಾದದ್ದು ಅದರಿಂದಲೇ. ಹಾಡಿನ ಒಂದು ಪಾಲನ್ನು ಬೇರೆ ತಂತಿಯಲ್ಲಿ ತೆಗೆದು, ದಪ್ಪ ಸ್ವರಗಳನ್ನೆಲ್ಲ ಸೋಸಿಬಿಡಬೇಕು. ಉಳಿದ ಮೇಲಿನ ಸಣ್ಣ ಸ್ವರವನ್ನು ಒಂದು ವಾಲ್ವಿಗೆ ಅದು ತಡೆಯಲಾರದಷ್ಟು ಜೋರಾಗಿ ಕೊಡಬೇಕು. ಆಗ ಸ್ವರ ಕೊಂಚ ಒಡೆಯುತ್ತದೆ, ಒಡೆದಲ್ಲಿ ಮೂಲದಲ್ಲಿ ಇಲ್ಲದ ಸಣ್ಣ ಸಣ್ಣ ಎಳೆಗಳು ಹುಟ್ಟುತ್ತವೆ. ಅದನ್ನು ಚಿಟಿಕೆಯಷ್ಟು ಮೂಲ ಹಾಡಿಗೆ ಬೆರೆಸಿದರೆ ಹಾಡಿದವರು ಎರಡು ಹೆಜ್ಜೆ ಹತ್ತಿರ ಬಂದು ನಿಂತಂತೆ ಕೇಳುತ್ತದೆ. ಮಾತು ಬಿಡಿಬಿಡಿಯಾಗುತ್ತದೆ, ಹಿಂದಿನ ಸಾಲಿನಲ್ಲಿ ಕೂತವರಿಗೂ ಉಸಿರು ಎಳೆದುಕೊಂಡದ್ದು ತಿಳಿಯುತ್ತದೆ. ಎಷ್ಟು ಬೆರೆಸಬೇಕೆಂದು ತಿರುಗಿಸುವ ಗುಂಡಿ ಎರಡರ ಗೆರೆಯಲ್ಲಿದ್ದರೆ ಸಾಕು. ನಾಲ್ಕು ದಾಟಿದರೆ ಒಡೆದ ಸ್ವರವೇ ಹಾಡನ್ನು ತಿಂದುಹಾಕುತ್ತದೆ.

ಮೊದಲ ವರ್ಷ ಎರಡರಲ್ಲೇ ಇಟ್ಟಿದ್ದೆ. ಆಮೇಲೆ ಯಾಕೋ ನಿನ್ನ ದನಿ ಮಂಕಾದಂತೆ ಕಂಡಿತು. ಮೂರಕ್ಕೆ ಏರಿಸಿದೆ. ಮತ್ತೆ ಮಂಕು. ಈ ವರ್ಷ ಪೊಂಗಲ್ ಹೊತ್ತಿಗೆ ಗುಂಡಿ ಆರಕ್ಕೆ ಬಂದಿತ್ತು. ಕಾಳಿಮುತ್ತು ಒಂದೆರಡು ಸಲ ‘ಕೊಂಚ ಇಳಿಸೋಣ್ವಾ’ ಎಂದ. ‘ನೀನು ನಿನ್ನ ಆರ್ಮೋನಿಯಂ ಕಟ್ಟೆ ಒತ್ತೋದು ನೋಡ್ಕೋ’ ಎಂದು ಗದರಿದೆ.

ಚಿತ್ತಿರೈ ತಿಂಗಳಲ್ಲಿ ನಡೆದದ್ದು ನಿನಗೆ ಗೊತ್ತು, ಆದರೂ ಬರೆಯಬೇಕು. ನೀನು ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಮೂರು ಬಸ್ಸು ಬದಲಿಸಿ ಬಂದಿದ್ದೆ. ಮಧ್ಯಾಹ್ನ ಉತ್ತಮಪಾಳಯಂನ ಟೆಂಟ್ ಮಾಲೀಕ ಅಯ್ಯಾವು ನಮ್ಮ ಟೇಪುಗಳನ್ನು ಹಿಂದಕ್ಕೆ ತಂದು ಮೇಜಿನ ಮೇಲೆ ಇಟ್ಟ. “ಏನ್ ಮುತ್ತಯ್ಯಾ, ತಗರ ಡಬ್ಬ ಕೆರೆದಂಗೆ ಅದೆ. ಜನ ಕಿವಿ ಮುಚ್ಕೋತವ್ರೆ. ಯಂತ್ರ ಕೆಟ್ಟದಾ, ಇಲ್ಲ ನೀನು ಕೆಟ್ಟಿದೀಯಾ?”

ನಾನು ಅವನ ಮುಖ ನೋಡಲಿಲ್ಲ. ನಿನ್ನ ಕಡೆ ತಿರುಗಿ, “ಯಂತ್ರಕ್ಕೆ ಏನೂ ಆಗಿಲ್ಲ. ಇವ್ಳ ದನಿ ಹೋಗ್ಯದೆ. ಮಗು ಹುಟ್ಟಿದ ಮೇಲೆ ಗಂಟ್ಲು ಸತ್ತೋಗ್ಯದೆ, ನಾನು ಎಷ್ಟು ಮೆರುಗು ಹಚ್ಚಿದ್ರೂ ನಿಲ್ಲಕ್ಕಿಲ್ಲ” ಎಂದೆ. ಕಾಳಿಮುತ್ತು ತಲೆ ತಗ್ಗಿಸಿದ. ಹತ್ತು ವರ್ಷದ ಹಾಡಿಗೆ ಒಂದು ನಿಮಿಷದಲ್ಲಿ ಕೊನೆ ಹೇಳಿಬಿಟ್ಟೆ.

ನೀನು ಹೋದ ಮೇಲೆ ಇದೇ ಊರಿನ ಜೆಯಲಕ್ಷ್ಮಿ ಎಂಬ ಹುಡುಗಿಯನ್ನು ಕರೆಸಿದೆ. ಒಳ್ಳೆಯ ಕಂಠ ಎಂದು ಎಲ್ಲರೂ ಹೇಳಿದರು. ನನಗೆ ಅವಳ ದನಿಯೂ ಕಂಬಳಿ ಹೊದ್ದಂತೆ ಕೇಳಿತು. ಗುಂಡಿ ಏಳಕ್ಕೆ ತಿರುಗಿಸಿದೆ. ಟೇಪು ಹಾಕಿ ಕೇಳಿಸಿದರೆ ಆ ಹುಡುಗಿ ಅಂಜದೆ ಕೇಳಿದಳು: “ಅಣ್ಣೇ, ಇದು ನನ್ನ ದನಿಯಾ? ಹಲ್ಲು ಜುಂ ಅಂತದೆ.”

ಕಾಳಿಮುತ್ತು ಎದ್ದು ಹೋಗಿ ಮೆರುಗು ಪೆಟ್ಟಿಗೆಯ ಸ್ವಿಚ್ಚು ಆರಿಸಿದ. ನನ್ನನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿ, ತಾನು ಆರ್ಮೋನಿಯಂ ಮುಂದೆ ನಿಂತು, “ಬಾವಾ, ಕಟ್ಟೆ ಒತ್ಕೊಂಡು ಮೇಲೆ ಹೋಯ್ತೀನಿ. ಕೇಳೋಗಂಟ ಕೈ ಎತ್ತಿರು” ಎಂದ. ಸ್ವರ ಏರುತ್ತ ಹೋಯಿತು, ಸಣ್ಣದಾಯಿತು, ನಿಂತಿತು. ಕೈ ಇಳಿಸಿದೆ. ತಿರುಗಿ ನೋಡಿದರೆ ಅವನ ಬೆರಳು ಇನ್ನೂ ಕಟ್ಟೆ ಒತ್ತಿಯೇ ಇತ್ತು. ಅದರಾಚೆಗೆ ಇನ್ನೂ ಹನ್ನೆರಡು ಕಟ್ಟೆಗಳಿದ್ದವು. ಜೆಯಲಕ್ಷ್ಮಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ಹದಿನೈದು ವರ್ಷ ಕಲ್ಯಾಣ, ಕಿವಿ ಚುಚ್ಚುವ ಕಾತುಕುತ್ತು, ಚುನಾವಣೆ ಸಭೆ ಎಂದು ಕೊಳವೆ ಸ್ಪೀಕರಿನ ಬಾಯಿಗೆ ಕಿವಿಕೊಟ್ಟು ನಿಂತವನು ನಾನು. ಸಣ್ಣ ಸ್ವರಗಳು ಒಂದೊಂದಾಗಿ ನನ್ನನ್ನು ಬಿಟ್ಟು ಹೋಗಿದ್ದವು. ಕಾಳಿಮುತ್ತು ನಿನ್ನ ಹಳೆಯ ಟೇಪನ್ನೂ ಚಿತ್ತಿರೈಯ ಟೇಪನ್ನೂ ಯಾವ ಮೆರುಗೂ ಇಲ್ಲದೆ ಒಂದಾದ ಮೇಲೊಂದು ಹಾಕಿ ಕೇಳಿದ. “ಚೆಲ್ಲಮ್ಮಾಳ ದನಿ ಹಂಗೇ ಅದೆ, ಬಾವಾ. ಮಗು ಆದ ಮೇಲೆ ಕೊಂಚ ತೂಕ ಬಂದದೆ, ಅಷ್ಟೇ. ನಂಗೆ ಈಗಿನ್ದೇ ಚೆಂದ” ಎಂದ. ನಾನೂ ಕೇಳಿದೆ. ನನಗೆ ಎರಡೂ ಮಂಕೇ.

ಆಗಲೂ ನಿನಗೆ ಬರೆಯಲಿಲ್ಲ. ಹತ್ತು ದಿನದ ಹಿಂದೆ ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ಮೈಕು ಕಟ್ಟುತ್ತಿದ್ದಾಗ ಭಾವ ರಾಮಸಾಮಿ ಸಿಕ್ಕಿದ. ಬೀನ್ಸ್ ಲಾರಿಯ ಜೊತೆ ಬಂದಿದ್ದನಂತೆ. ಚಹಾ ಕುಡಿಯುತ್ತ ಅವನಾಗಿಯೇ ಹೇಳಿದ: “ಮಚ್ಚಾ, ಅವ್ಳು ಪಾಡೋದೇ ಬಿಟ್ಟವ್ಳೆ. ಮಗೂನ ಮಲಗ್ಸೋವಾಗ್ಲೂ ಬರೀ ಬೆನ್ನು ತಟ್ತಾಳೆ. ಯಾಕೆ ಅಂದ್ರೆ, ‘ಮಗು ಕಿವೀಗೆ ಆ ಕೆಟ್ಟ ದನಿ ಯಾಕೆ’ ಅಂತಾಳೆ.” ತಿರುಚ್ಚಿ ರೇಡಿಯೋದಿಂದ ದನಿ ಪರೀಕ್ಷೆಗೆ ಕರೆ ಬಂದಿತ್ತಂತೆ, ನೀನು ಹೋಗದೆ ಕಾಗದವನ್ನು ಒಲೆಗೆ ಹಾಕಿದೆಯಂತೆ. ನನಗೆ ಅದರ ಸುದ್ದಿಯೇ ಇರಲಿಲ್ಲ. ನನಗೆ ಅಚ್ಚರಿಯ ಸುದ್ದಿಯಾಗಿ ಹೇಳಬೇಕೆಂದು ಇಟ್ಟುಕೊಂಡಿದ್ದೆಯಂತೆ. ಚಹಾ ಲೋಟ ಕೆಳಗಿಟ್ಟೆ.

ಮರುದಿನ ಉತ್ತಮಪಾಳಯಂಗೆ ಹೋಗಿ, ಟಿಕೆಟ್ಟು ಕೊಡುವವನೂ ಯಂತ್ರ ಓಡಿಸುವವನೂ ಇದ್ದಾಗಲೇ ಅಯ್ಯಾವುಗೆ ಹೇಳಿದೆ: ಚೆಲ್ಲಮ್ಮಾಳ ದನಿಗೆ ಏನೂ ಆಗಿಲ್ಲ, ಹೋದದ್ದು ನನ್ನ ಕಿವಿ. ಅವನು, “ಹಂಗಾದ್ರೆ ಆ ಪೊಣ್ಣು ಏನು ಮಾಡ್ತು ಪಾಪ” ಎಂದ. ಆಮೇಲೆ, ಅವಳನ್ನು ಕರೆಸು, ಗುಂಡಿ ತಿರುಗಿಸುವ ಕೆಲಸ ಮಾತ್ರ ಬೇರೆಯವರಿಗೆ ಬಿಡು ಎಂದ. ಹಾಗೇ ಮಾಡಿದ್ದೇನೆ. ಈಗ ಮೇಜಿನ ಮುಂದೆ ಕಾಳಿಮುತ್ತು ಕೂರುತ್ತಾನೆ. ಗುಂಡಿ ಎರಡರ ಗೆರೆಯಲ್ಲಿದೆ, ಒಂದೊಂದು ಹಾಡಿಗೆ ಸೊನ್ನೆಯಲ್ಲೂ ಇಡುತ್ತಾನೆ. ನಾನು ಬೆಸುಗೆ ಹಾಕುತ್ತೇನೆ, ವಾಲ್ವು ಬದಲಿಸುತ್ತೇನೆ. ಹೇಗಿದೆ ಎಂದು ಯಾರೂ ನನ್ನನ್ನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ರೇಡಿಯೋದವರಿಗೆ ಮತ್ತೆ ಅರ್ಜಿ ಹಾಕಬಹುದೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಫಾರಂ ಇದರೊಳಗೆ ಇಟ್ಟಿದ್ದೇನೆ, ನಿನ್ನ ಹೆಸರು ಬರೆದಿಲ್ಲ. ಬರೆಯುವುದೂ ಬಿಡುವುದೂ ನಿನ್ನ ಇಷ್ಟ. ನನ್ನ ಜೊತೆ ಹಾಡಬೇಕೆಂದು ಕೇಳುವ ಮುಖ ನನಗಿಲ್ಲ. ಮಗುವಿಗೆ ಮಾತ್ರ ಹಾಡು, ತಂಗಿ. ಅದು ಕೇಳಬೇಕಾದ ದನಿ.

ಭಾವನಿಗೆ ನಮಸ್ಕಾರ ಹೇಳು. ಮಗುವಿನ ನೆತ್ತಿ ಮುಟ್ಟಿ ನನ್ನ ಹೆಸರಿನಲ್ಲಿ ಹರಸು. ನಿನ್ನ ಮನೆ ತುಂಬಿರಲಿ, ನಿನ್ನ ಕಂಠ ನೂರು ವರ್ಷ ಬಾಳಲಿ.

ಇಂತಿ,
ನಿನ್ನ ಅಣ್ಣ,
ಮುತ್ತಯ್ಯ

ಮ.ಬ.: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಇದನ್ನೂ ಹರಿದು ಹೊಸದಾಗಿ ಬರೆಯೋಣವೆಂದುಕೊಂಡೆ. ಹರಿದರೆ ಈ ಸಲವೂ ಅಂಚೆಗೆ ಹಾಕುವುದಿಲ್ಲವೆಂದು ಹಾಗೇ ಬಿಟ್ಟಿದ್ದೇನೆ.

ನನ್ನ ಕಿವಿ ಹೋದದ್ದು ಕಾಳಿಮುತ್ತು ಕಟ್ಟೆ ಒತ್ತಿದಾಗ ತಿಳಿದದ್ದಲ್ಲ. ಚಿತ್ತಿರೈಗೂ ಎರಡು ತಿಂಗಳು ಮುಂಚೆ, ಮಾಸಿಯಲ್ಲೇ ಮದುರೆಯ ಡಾಕ್ಟರಿಗೆ ತೋರಿಸಿದ್ದೆ. ಸಣ್ಣ ಸ್ವರ ಇನ್ನು ಕೇಳುವುದಿಲ್ಲ, ವಾಸಿಯಾಗುವುದೂ ಇಲ್ಲವೆಂದು ಬರೆದುಕೊಟ್ಟಿದ್ದರು. ಚಿತ್ತಿರೈಯಲ್ಲಿ ಅಯ್ಯಾವು ಬಂದು ಕೇಳಿದಾಗ ಆ ಚೀಟಿ ನನ್ನ ಅಂಗಿ ಜೇಬಿನಲ್ಲೇ ಇತ್ತು. ಕಿವಿ ಕೆಟ್ಟ ಸೌಂಡ್‌ಕಾರನೆಂದು ಕಣಿವೆಗೆಲ್ಲ ಗೊತ್ತಾಗುತ್ತದೆಂದು ಹೆದರಿ, ಗೊತ್ತಿದ್ದೇ ನಿನ್ನ ಗಂಟಲಿನ ಮೇಲೆ ಹಾಕಿದೆ.

ಅಯ್ಯಾವು ಹೋದ ಮೇಲೆ ನೀನು ಊಟದ ಪಾತ್ರೆ ತೊಳೆದು ಕಟ್ಟಿಕೊಂಡು ನನ್ನ ಹತ್ತಿರ ಬಂದೆ. “ಅಣ್ಣಾ, ನನ್ ದೆಸೆಯಿಂದ ನೀ ನಾಲ್ಕು ಜನರ ಮುಂದೆ ಮಾತು ಕೇಳಂಗಾಯ್ತು. ಮನಸ್ಸಿಗೆ ಹಚ್ಕೋಬೇಡ” ಎಂದೆ. ನಾನು, “ಬಸ್ಸಿಗೆ ಹೊತ್ತಾಯ್ತದೆ, ಹೊರಡು” ಅಂದೆ.