ಮೂರು ಗಂಟೆಯ ಸರದಿ

ಶೋವ್ಡೆ
ಭಾನುವಾರ, ಮಧ್ಯಾಹ್ನ ಎರಡೂವರೆ

ಮೂರನೇ ಮಹಡಿಯ ಗುನ್‌ವೋರ್ ಅವರಿಗೆ,

ಮೂರು ಗಂಟೆಗೆ ನಮ್ಮ ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಮ್ಮ ಸರದಿ. ನನ್ನ ಬಟ್ಟೆ ಇನ್ನೂ ಮಷೀನಿನಲ್ಲೇ ಇದೆ. ಹೋದ ವಾರವೂ ಹೀಗೇ ಆಗಿ ನೀವು ಬಾಗಿಲಿಗೆ ಚೀಟಿ ಅಂಟಿಸಿದ್ದಿರಿ; ಮರೆತಿಲ್ಲ. ಆದರೆ ಎರಡೇ ದಿನದಲ್ಲಿ ವಿಡಿಯೊ ಗೇಮ್ ಮಾಡುವ ಸ್ಪರ್ಧೆಗೆ ಸೇರಿದ್ದೇನೆ. ಅದನ್ನು ಕಳಿಸಬೇಕಾದದ್ದೂ ಮೂರಕ್ಕೇ.

ಆಟದಲ್ಲಿ ಮೀನೊಂದು ದಡ ಹತ್ತಬೇಕು. ಪ್ರತಿ ತಲೆಮಾರಿನಲ್ಲೂ ಹೊಸ ಅಂಗ ಬೇಕಾದರೆ ಹಳೆಯದೊಂದನ್ನು ಬಿಡಬೇಕು. ನಾನು ಆಡಿದಾಗಲೆಲ್ಲ ಮೀನು ನೀರಿನಂಚಿನಲ್ಲೇ ಸಾಯುತ್ತದೆ. ತಪ್ಪು ಎಲ್ಲಿದೆಯೆಂದು ಬೆಳಗಿನಿಂದ ಹುಡುಕುತ್ತಿದ್ದೇನೆ. ಜೊತೆಗೆ ಕೆಲಸ ಮಾಡುವ ಲೋವಿಸಾ ರೇಗುತ್ತಾಳೆ: "ಆಟ ಸರಿಯಾಗೇ ಇದೆ ಕಣೋ! ನೀನು ಏನನ್ನೂ ಬಿಡಲ್ಲ ಅಂತ ಹಠ ಹಿಡಿದ್ರೆ ಅದು ಬದುಕೋದು ಹೇಗೆ?"

ದಯವಿಟ್ಟು ನನ್ನ ಬಟ್ಟೆಗಳನ್ನು ತೆಗೆದು ಬುಟ್ಟಿಗೆ ಹಾಕಿಬಿಡಿ. ಹಳದಿ ಸ್ವೆಟರ್ ಮಾತ್ರ ಬೇಡ. ಅದು ಮಾಲಿನ್‌ದು. ಅವಳು ನನ್ನನ್ನು ಬಿಟ್ಟು ಹೋಗಿ ವರ್ಷವಾದರೂ ಪ್ರತಿ ವಾರ ಒಗೆಯುತ್ತಲೇ ಇದ್ದೇನೆ. ಅಂಗಳದಲ್ಲಿರುವ, ಹಳೆ ಬಟ್ಟೆ ದಾನ ಮಾಡುವ ಪೆಟ್ಟಿಗೆಗೆ ಅದನ್ನು ನೀವೇ ಹಾಕಿಬಿಡಿ.

ಒಣಗಲಿ ಎಂದು ಕಾಯಬೇಡಿ. ಅಷ್ಟರಲ್ಲಿ ನಾನು ಕೆಳಗಿಳಿದು ಬಂದು ಅದನ್ನು ಮತ್ತೆ ಎತ್ತಿಕೊಂಡುಬಿಡುತ್ತೇನೆ.

ಇಂತು, ಚೀಟಿಯ ಬೈಗುಳಕ್ಕೆ ತಕ್ಕವನಾದ,
ಟೋರ್ಕೆಲ್