ನೀವು ಕುಡಿದ ಲೋಟ

ಎಂಜಿನಿಯರ್ ಸಾಹೇಬರಿಗೆ,

ನಮ್ಮೂರಿನ ಕೊಳಚೆ ನೀರು ಶುದ್ಧೀಕರಣ ಘಟಕದ ಪಂಪ್ ಆಪರೇಟರ್ ಮಾಡುವ ನಮಸ್ಕಾರಗಳು.

ತೊಟ್ಟಿಗೆ ಗಾಳಿ ಊದುವ ಮೋಟಾರು ಸುಟ್ಟು ಮೂರು ತಿಂಗಳಾಯಿತು; ಗಾಳಿಯಿಲ್ಲದೆ ಕೊಳಚೆ ಶುದ್ಧವಾಗುತ್ತಿಲ್ಲ. ಇದು ನನ್ನ ಐದನೆಯ ಪತ್ರ. ಕೊಳವೆಬಾವಿ ಬತ್ತಿದ ಮೇಲೆ ಜನ ಘಟಕದಿಂದ ಗಿಡಗಳಿಗೆ ನೀರು ಬಿಡುವ ನಲ್ಲಿಗೇ ಕೊಡ ಹಿಡಿಯುತ್ತಿದ್ದಾರೆ. ಬೀಗ ಹಾಕಿದೆ, ಒಡೆದರು. “ದೊಡ್ಡ ಸಾಹೇಬ್ರೇ ನಮ್ಮೆದುರು ಗಟಗಟ ಕುಡಿದ್ರು, ನಿಂದೇನೋ ಅಧಿಕಪ್ರಸಂಗ?” ಎಂದರು. ಹಾಗೆಂದವರಲ್ಲಿ ನನ್ನ ಅಮ್ಮನೂ ಒಬ್ಬಳು.

ಉದ್ಘಾಟನೆಯ ದಿನ ಘಟಕದ ನೀರೆಂದು ನೀವು ಕುಡಿದ ಆ ಲೋಟಕ್ಕೆ ನಾನು ನೀರು ತುಂಬಿದ್ದು ನಮ್ಮ ಮನೆಯ ಕೊಡದಿಂದ. ಅದು ನಿಮಗೂ ನನಗೂ ಮಾತ್ರ ಗೊತ್ತಿತ್ತು. “ಜನಕ್ಕೆ ಧೈರ್ಯ ಬರ್ಲಿ ಕಣಯ್ಯ” ಎಂದಿದ್ದಿರಿ. ಬಂತು.

ಅಮ್ಮ ವಾಂತಿಭೇದಿಯಾಗಿ ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ. “ನೀರಲ್ಲಿ ಏನೂ ಇಲ್ಲ ಕಣೋ, ನನ್ನ ಹೊಟ್ಟೇನೇ ಸರಿ ಇಲ್ಲ” ಎನ್ನುತ್ತಾಳೆ. ನಿನ್ನೆ ತಡೆಯಲಾರದೆ ಅವಳಿಗೆ ನಿಜ ಹೇಳಿಬಿಟ್ಟೆ. “ಅಷ್ಟು ದೊಡ್ಡೋರು ಮೋಸ ಮಾಡ್ತಾರೇನೋ? ನಾಲಿಗೆ ಬಿಗಿ ಹಿಡಿ” ಎಂದು ನನಗೇ ಬೈದಳು.

ಮೋಟಾರು ತಡವಾದರೂ ಆಗಲಿ, ನೀವೊಮ್ಮೆ ಬನ್ನಿ. ಅದೇ ಲೋಟ ತೊಳೆದಿಟ್ಟಿದ್ದೇನೆ. ಈ ಸಲ ನಲ್ಲಿಯಿಂದಲೇ ತುಂಬಿಕೊಡುತ್ತೇನೆ. ಕುಡಿಯುವುದು ಬೇಡ. ಊರಿನವರ ಮುಂದೆ ನಿಂತು, ಕುಡಿಯಲಾರೆ ಎಂದು ಹೇಳಿ, ಸಾಕು.

ಇಂತಿ,
ಅಂದು ನಿಮ್ಮ ಲೋಟ ತುಂಬಿದವನು