ರೆಕ್ಕೆ ಬಿಟ್ಟ ಗಾಳಿ

ಬೆಂಗಳೂರು, ೧೨-೮-೧೯೯೭

ಅತ್ತಿಗೆ, ನಿಮ್ಮ ಮೈದುನನ ನಮಸ್ಕಾರ. ನಾನು ಫಿಟ್ಟರಾಗಿ ಸೇರಿರುವ ಪ್ರಯೋಗಾಲಯದಲ್ಲಿ ದೊಡ್ಡ ಗಾಳಿಸುರಂಗವಿದೆ. ಇಂದು ಅದರೊಳಗೆ ವಿಮಾನದ ರೆಕ್ಕೆಯೊಂದನ್ನು ನಿಲ್ಲಿಸಿ ಹೊಗೆ ಬೆರೆತ ಗಾಳಿ ಹಾಯಿಸಿದರು. ರೆಕ್ಕೆಯ ಮೂತಿಯನ್ನು ಹೆಚ್ಚು ಎತ್ತಿದೊಡನೆ ಹೊಗೆ ಅದರ ಬೆನ್ನು ಬಿಟ್ಟು ಚೆದುರಿತು.

“ನಮ್ಮಣ್ಣ ಇಳಿಸ್ತಿದ್ದಾಗ ಇಮಾನ ಬಿದ್ದಿದ್ದೂ ಇಂಗೇನಾ ಮೇಡಂ?” ಎಂದು ಇಂಜಿನಿಯರನ್ನು ಕೇಳಿದೆ.

“ನೀವು ಹೇಳಿದ್ದು ನೋಡಿದರೆ ಹಾಗೇ ಅನ್ಸುತ್ತೆ. ಅಷ್ಟು ತಗ್ಗಿನಲ್ಲಿ ಗಾಳಿ ರೆಕ್ಕೆ ಬಿಟ್ಟರೆ ವಿಮಾನ ಎತ್ತಿ ಹಿಡಿಯೋ ಬಲವೇ ಹೋಗುತ್ತೆ, ಓಡಿಸೋರ ಕೈಲಿ ಏನೂ ಉಳಿಯಲ್ಲ ಕೋದಂಡಪ್ಪ” ಎಂದರು.

ಆಮೇಲೆ ರೆಕ್ಕೆಯೊಳಗಿನ ಪುಟ್ಟ ಹಿತ್ತಾಳೆ ಪೆಟ್ಟಿಗೆಗೆ ಗಾಳಿ ಬಿಟ್ಟರು. ಅಲ್ಲಾಡುವ ಭಾಗ ಅದರಲ್ಲಿ ಒಂದೂ ಇಲ್ಲ. ಒಳಹೊಕ್ಕ ಗಾಳಿ ಒಂದು ಗೋಡೆಗೆ ಅಂಟಿ ಹರಿಯುತ್ತದೆ. ಆ ಗಾಳಿಯಲ್ಲೇ ಸ್ವಲ್ಪ ಪಕ್ಕದ ಕಾಲುವೆಯಲ್ಲಿ ಹಿಂದಕ್ಕೆ ಬಂದು, ಒಳಬರುವ ಗಾಳಿಯನ್ನು ಎದುರು ಗೋಡೆಗೆ ತಳ್ಳುತ್ತದೆ. ಹೀಗೆ ಅತ್ತಿತ್ತ ಬೀಸುತ್ತ ಅದು ರೆಕ್ಕೆಯ ಬೆನ್ನಿಗೆ ಹೊಮ್ಮಿದಾಗ, ಚೆದುರಿದ್ದ ಹೊಗೆ ಮತ್ತೆ ರೆಕ್ಕೆಗೆ ಅಂಟಿಕೊಂಡಿತು. ನನಗೆ ಅಳು ಬಂತು.

ಅಣ್ಣನನ್ನು “ಎದರ್ಕೊಂಡು ಕೈಬುಟ್ಟ” ಎಂದು ಊರವರು ಅಂದದ್ದು ಸುಳ್ಳು, ಅತ್ತಿಗೆ.

ಅಪ್ಪನ ಕಿವಿ ಮಂದವಾಗಿದೆ, ರಾಬರ್ಟ್‌ಸನ್‌ಪೇಟೆಯ ಡಾಕ್ಟರಿಗೆ ತೋರಿಸಿ. ಈ ಕಾರ್ಡನ್ನು ಮನೆಯ ಮುಂದೆ ಕೂತು ಅವರಿಗೆ ಗಟ್ಟಿಯಾಗಿ ಓದಿ. ಕ್ಯಾಸಂಬಳ್ಳಿಯ ಬೀದಿಗೆಲ್ಲ ಕೇಳಲಿ.

ಕೋದಂಡಪ್ಪ